ಫ್ರೋಜನ್ ಶೋಲ್ಡರ್: ರಾತ್ರಿಯ ನೋವು ಮತ್ತು ಮಲಗುವ ಕ್ರಮ

ಭುಜದ ಕೀಲನ್ನು ಸುತ್ತಿರುವ ಚೀಲದಂಥ ಪೊರೆ ಊದಿಕೊಂಡು, ದಪ್ಪಗಾಗಿ, ಕ್ರಮೇಣ ಕುಗ್ಗುವ ಕಾಯಿಲೆ. ವೈದ್ಯರು ಇದನ್ನು ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಎನ್ನುತ್ತಾರೆ; ಆಯುರ್ವೇದದ ಅಪಬಾಹುಕದ ಲಕ್ಷಣಗಳು ಬಹುಮಟ್ಟಿಗೆ ಇದನ್ನೇ ಹೋಲುತ್ತವೆ. 40ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ‘ಭುಜ ಹಿಡ್ಕೊಂಡಿದೆ, ಕೈ ಎತ್ತೋಕಾಗ್ತಿಲ್ಲ’ ಎಂದು ರೋಗಿ ಬರುವ ಹೊತ್ತಿಗೆ ಜಡೆ ಹೆಣೆಯುವುದು, ಬೆನ್ನ ಹಿಂದಿನ ಹುಕ್ಕು ಹಾಕುವುದು, ಹಿಂದಿನ ಜೇಬಿನಿಂದ ಪರ್ಸ್ ತೆಗೆಯುವುದು ಎಲ್ಲವೂ ಕಷ್ಟವಾಗಿರುತ್ತದೆ. ಆದರೆ ಅದಕ್ಕೂ ಎಷ್ಟೋ ವಾರ ಮೊದಲೇ ನಿದ್ರೆ ಕೆಟ್ಟಿರುತ್ತದೆ. ಚಿಕಿತ್ಸೆಯ ಪಟ್ಟಿಯಲ್ಲಿ ಮಲಗುವ ವಿಷಯಕ್ಕೆ ಸಾಮಾನ್ಯವಾಗಿ ಕೊನೆಯ ಸಾಲು ಸಿಗುತ್ತದೆ. ನೋವಿನ ಹಂತದಲ್ಲಿ ಅದಕ್ಕೆ ಮೊದಲ ಸಾಲೇ ಸಲ್ಲಬೇಕು.

ಇತಿಹಾಸ

1872ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಸಿಮೋನ್ ಎಮಾನ್ಯುಯೆಲ್ ಡ್ಯುಪ್ಲೆ ಭುಜದ ಸುತ್ತಲಿನ ಉರಿಯೂತವನ್ನು ವಿವರಿಸಿದರು. ಈಗ ಚಾಲ್ತಿಯಲ್ಲಿರುವ ‘ಫ್ರೋಜನ್ ಶೋಲ್ಡರ್’ ಎಂಬ ಹೆಸರನ್ನು ಕೊಟ್ಟವರು ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್ (1869–1940). ಆಸ್ಪತ್ರೆಗಳು ಪ್ರತಿ ರೋಗಿಯೂ ಮುಂದೆ ಏನಾದನೆಂದು ವಿಚಾರಿಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕೆಂದು ಹಟ ಹಿಡಿದು, ಸಹೋದ್ಯೋಗಿಗಳನ್ನೇ ಎದುರು ಹಾಕಿಕೊಂಡ ವೈದ್ಯರಿವರು. 1934ರಲ್ಲಿ ಬಂದ ಅವರ ‘ದಿ ಶೋಲ್ಡರ್’ ಗ್ರಂಥದಲ್ಲಿ ಈ ಕಾಯಿಲೆಯ ಲಕ್ಷಣಗಳ ಪಟ್ಟಿಯಿದೆ: ನಿಧಾನವಾಗಿ ಶುರುವಾಗುವ ನೋವು, ಅದು ಭುಜದ ತುದಿಗಿಂತ ಕೆಳಗೆ, ರಟ್ಟೆಯ ಹೊರಬದಿಯಲ್ಲಿ ಕಾಣಿಸುವುದು, ಕೈ ಎತ್ತಲೂ ಹೊರಕ್ಕೆ ತಿರುಗಿಸಲೂ ಆಗದಿರುವುದು, ಎಕ್ಸ್‌ರೇ ಬಹುತೇಕ ಸರಿಯಾಗಿಯೇ ಇರುವುದು. ನೋವಿರುವ ಮಗ್ಗುಲಿಗೆ ಮಲಗಲಾಗದಿರುವುದನ್ನೂ ಕಾಡ್‌ಮನ್ ಇದೇ ಪಟ್ಟಿಯಲ್ಲಿ ಸೇರಿಸಿದ್ದರು. ನಿದ್ರೆಯ ದೂರನ್ನು ರೋಗಲಕ್ಷಣವೆಂದೇ ಗಣಿಸಿದ ಈ ಎಚ್ಚರ ಮುಂದಿನ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಉಳಿದುಬರಲಿಲ್ಲ.

1945ರಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ಜೂಲಿಯಸ್ ನೆವಿಯಾಸರ್ ತೊಂದರೆಯ ಮೂಲ ಕೀಲಿನ ಪೊರೆಯಲ್ಲೇ ಇದೆಯೆಂದು ತೋರಿಸಿದರು.

ಕಾರಣ

ಪೊರೆಯ ಮುಂಭಾಗ ಮತ್ತು ಮೇಲ್ಭಾಗದಲ್ಲಿ, ಕೊರಕೊಹ್ಯೂಮರಲ್ ಎಂಬ ಕಟ್ಟುನಾರಿನ ಸುತ್ತ, ಗಾಯದ ಕಲೆಯಂಥ ನಾರು ಬೆಳೆದು ಬಿಗಿಯುತ್ತದೆ. ಆದ್ದರಿಂದಲೇ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಇದೆಲ್ಲ ಏಕೆ ಆರಂಭವಾಗುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಿಗೆ ಅಪಾಯ ಹೆಚ್ಚೆಂಬುದು ಮಾತ್ರ ಖಚಿತ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಸಮೀಕ್ಷೆ 2023ರಲ್ಲಿ ಅಂದಾಜಿಸಿರುವುದರಿಂದ ಇಲ್ಲಿ ಇದು ಅಪರೂಪದ ಕಾಯಿಲೆಯಲ್ಲ.

ರಾತ್ರಿ ಏಕೆ ಹೆಚ್ಚು

ನಿಂತಾಗ ತೋಳು ತನ್ನ ಭಾರಕ್ಕೆ ಕೆಳಗೆ ಜೋತುಬಿದ್ದು ಕೀಲಿಗೆ ತುಸು ಬಿಡುವು ಕೊಡುತ್ತದೆ. ಮಲಗಿದಾಗ ಅದಿಲ್ಲ. ಅಂಗಾತ ಮಲಗಿದರೆ ಎದೆಗೂಡಿನ ದಪ್ಪದಿಂದಾಗಿ ಭುಜ ಮೇಲಿರುತ್ತದೆ, ಮೊಣಕೈ ಹಾಸಿಗೆಗೆ ಇಳಿಯುತ್ತದೆ. ಆಗ ತೋಳಿನ ಮೂಳೆಯ ಗುಂಡುತುದಿ ಮುಂದಕ್ಕೆ ಒತ್ತಿ, ಮೊದಲೇ ಬಿಗಿದಿರುವ ಪೊರೆಯ ಮುಂಭಾಗವನ್ನೇ ಜಗ್ಗುತ್ತದೆ. ಸರಿಯಿರುವ ಮಗ್ಗುಲಿಗೆ ಹೊರಳಿದರೆ ನೋವಿನ ತೋಳು ಎದೆಯ ಮೇಲಿಂದ ಮುಂದಕ್ಕೆ ಬಿದ್ದು ಹಿಂಭಾಗ ಎಳೆಯುತ್ತದೆ. ಎಚ್ಚರವಿದ್ದಾಗ ಕೈಯನ್ನು ಕಾಯುವ ಸ್ನಾಯುಗಳು ನಿದ್ರೆಯಲ್ಲಿ ಸಡಿಲವಾಗುವುದರಿಂದ ಒಂದು ಹೊರಳಾಟ ಸಾಕು, ಜೀವ ಹೋದಂತಾಗಿ ಎಚ್ಚರವಾಗುತ್ತದೆ. ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸೋಲ್ ಹಾರ್ಮೋನು ರಾತ್ರಿ ತಗ್ಗುವುದೂ ಕಾರಣವಿರಬಹುದು.

ಮಲಗುವ ಕ್ರಮ

ಅಂಗಾತ ಮಲಗುವವರು ನೋವಿನ ತೋಳಿನ ಕೆಳಗೆ, ರಟ್ಟೆಯ ನಡುಭಾಗದಿಂದ ಮೊಣಕೈ ದಾಟುವಷ್ಟು ಉದ್ದಕ್ಕೆ, ಆಸರೆ ಇಡಬೇಕು. ಅಂಗೈ ಹೊಟ್ಟೆಯ ಮೇಲಿರಲಿ. ತಲೆ ಎತ್ತದೆ ಕಣ್ಣನ್ನಷ್ಟೇ ಕೆಳಗಿಳಿಸಿದಾಗ ತನ್ನ ಮೊಣಕೈ ತನಗೆ ಕಾಣಬೇಕು. ಕಾಣದಿದ್ದರೆ ಆಸರೆ ಸಾಲದು ಎಂದರ್ಥ. ಹತ್ತಿ ತುಂಬಿದ ಗಟ್ಟಿ ದಿಂಬು ಭುಜವನ್ನೇ ಮೇಲೆತ್ತಿಬಿಡುವುದುಂಟು. ನಾಲ್ಕು ಮಡಿಕೆ ಹಾಕಿದ ಕೌದಿಯೋ ಹಳೆಯ ಬೆಡ್‌ಶೀಟೋ ವಾಸಿ, ಏಕೆಂದರೆ ಒಂದು ಮಡಿಕೆ ಬಿಚ್ಚಿ ಅಥವಾ ಸೇರಿಸಿ ಎತ್ತರವನ್ನು ಸರಿಹೊಂದಿಸಬಹುದು.

ಮಗ್ಗುಲಾಗಿ ಮಲಗುವುದಾದರೆ ಸರಿಯಿರುವ ಮಗ್ಗುಲಿಗೆ ಮಾತ್ರ. ಕಂಕುಳಿನಿಂದ ಮಣಿಕಟ್ಟಿನವರೆಗೆ ಬರುವ ದಪ್ಪ ದಿಂಬನ್ನು ತಬ್ಬಿಕೊಳ್ಳಬೇಕು, ಕೈ ಅದರಾಚೆ ಜೋತಾಡಬಾರದು. ಬೆನ್ನಿಗೊಂದು ದಿಂಬಿದ್ದರೆ ನಿದ್ರೆಯಲ್ಲಿ ಹಿಂದಕ್ಕೆ ಹೊರಳುವುದು ತಪ್ಪುತ್ತದೆ. ಬೋರಲು ಮಲಗುವುದು, ತಲೆಯ ಕೆಳಗೆ ಕೈ ಇಟ್ಟುಕೊಳ್ಳುವುದು ಬೇಡ. ನೋವು ಕೆರಳಿದ ವಾರಗಳಲ್ಲಿ ಮಲಗಲೇ ಆಗದಿದ್ದರೆ ಗೋಡೆಗೆ ದಿಂಬುಗಳನ್ನಿಟ್ಟು ಅರ್ಧ ಒರಗಿ, ಮೊಣಕೈಗೂ ಆಸರೆ ಕೊಟ್ಟು ನಿದ್ರಿಸುವುದು ಅನೇಕರಿಗೆ ಒಗ್ಗುತ್ತದೆ. ಚಾಪೆಯ ಮೇಲೆ ಮಲಗುವವರಿಗೆ ಕಷ್ಟ ಬರುವುದು ಏಳುವಾಗ: ನೋವಿನ ಕೈ ಊರದೆ, ಸರಿಯಿರುವ ಮಗ್ಗುಲಿಗೆ ತಿರುಗಿ ಆ ಮೊಣಕೈ ಮೇಲೆ ಏಳಬೇಕು. ಕೆಲವು ತಿಂಗಳ ಮಟ್ಟಿಗೆ ಮಂಚವೇ ಮೇಲು.

ಮಲಗುವ ಮುನ್ನ 10–15 ನಿಮಿಷ ಬಿಸಿ ಶಾಖ ಹಿತ. ಚರ್ಮದ ಸ್ಪರ್ಶ ಕುಂದಿರುವ ಮಧುಮೇಹಿಗಳು ಶಾಖದ ಬಿಸಿಯನ್ನು ಬೇರೊಬ್ಬರಿಂದ ಪರೀಕ್ಷಿಸಿಕೊಳ್ಳಬೇಕು. ಆಮೇಲೆ ಕಾಡ್‌ಮನ್ ಹೆಸರಿನಲ್ಲೇ ಪ್ರಸಿದ್ಧವಾದ ವ್ಯಾಯಾಮ: ಸರಿಯಿರುವ ಕೈಯನ್ನು ಮೇಜಿಗೆ ಊರಿ ಬಾಗಿ, ನೋವಿನ ತೋಳನ್ನು ಇಳಿಬಿಟ್ಟು, ಮೈಯನ್ನು ತೂಗುತ್ತ ಸಣ್ಣ ಸುತ್ತು ಹಾಕಿಸುವುದು. ರಾತ್ರಿ ಹೊತ್ತು ಬಲವಂತವಾಗಿ ಎಳೆಯುವ ಕಸರತ್ತು ಸಲ್ಲದು. ನೆದರ್ಲೆಂಡ್ಸಿನಲ್ಲಿ 77 ರೋಗಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋವಿನ ಮಿತಿಯೊಳಗೆ ವ್ಯಾಯಾಮ ಮಾಡಿದವರ ಪೈಕಿ ಶೇ 89 ಮಂದಿ ಎರಡು ವರ್ಷದಲ್ಲಿ ಬಹುತೇಕ ಸರಿಹೋದರೆ, ತೀವ್ರ ಫಿಸಿಯೋಥೆರಪಿ ಪಡೆದವರಲ್ಲಿ ಆ ಪ್ರಮಾಣ ಶೇ 63. ರೋಗಿಗಳನ್ನು ಲಾಟರಿ ಕ್ರಮದಲ್ಲಿ ಹಂಚಿರಲಿಲ್ಲವಾದ್ದರಿಂದ ಇದನ್ನೇ ಅಂತಿಮವೆನ್ನಲಾಗದು.

ಔಷಧಿ ಮತ್ತು ಮುನ್ನೋಟ

ನೋವಿನ ಮಾತ್ರೆಯನ್ನು ಮೂತ್ರಪಿಂಡ, ಹೊಟ್ಟೆಹುಣ್ಣು, ರಕ್ತದೊತ್ತಡ ನೋಡಿಕೊಂಡು ವೈದ್ಯರೇ ನಿರ್ಧರಿಸಬೇಕು. ಆರಂಭದಲ್ಲಿ ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದ ಅನೇಕರಿಗೆ ಕೆಲವು ವಾರ ನೋವು ತಗ್ಗಿ ನಿದ್ರೆ ಮರಳುತ್ತದೆ. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುವುದುಂಟು. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದ ಪ್ರಯೋಗ (2020) ಇಂಜೆಕ್ಷನ್ ಸಹಿತ ಫಿಸಿಯೋಥೆರಪಿ ಮತ್ತು ಎರಡು ಬಗೆಯ ಶಸ್ತ್ರಕ್ರಿಯೆಗಳನ್ನು ಹೋಲಿಸಿ, ಯಾವುದೂ ಗಣನೀಯವಾಗಿ ಮೇಲಲ್ಲವೆಂದು ಕಂಡಿತು.

ಕಾಯಿಲೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಎಳೆಯುತ್ತದೆ; ರಾತ್ರಿ ನೋವು ಮೊದಲ ಕೆಲವು ತಿಂಗಳಲ್ಲಿ ಹೆಚ್ಚು. ಆಕ್ಸ್‌ಫರ್ಡ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ನಾಲ್ಕು ವರ್ಷಗಳ ಬಳಿಕ ಶೇ 59 ಮಂದಿಯ ಭುಜ ಬಹುತೇಕ ಸರಿಯಾಗಿತ್ತು, ಶೇ 35 ಮಂದಿಗೆ ಅಲ್ಪಸ್ವಲ್ಪ ತೊಂದರೆ ಉಳಿದಿತ್ತು, ಶೇ 6 ಮಂದಿಗೆ ತೀವ್ರ ತೊಂದರೆಯಿತ್ತು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಬಿದ್ದ ನಂತರ ಶುರುವಾದ ನೋವು ಇದ್ದರೆ ಇದೇ ಕಾಯಿಲೆಯೆಂದು ಊಹಿಸದೆ ಬೇಗ ಪರೀಕ್ಷಿಸಿಕೊಳ್ಳಬೇಕು. ಎಡ ಭುಜದ ನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.