ನಮ್ಮ ಇಗರ್ಜಿ ಶಾಲೆಯ ಅರ್ಧ ದಿನದ ಪಾಠ

ಇಗರ್ಜಿಯ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು ಗೋಪುರ ಕಟ್ಟಿಸಿದ ಧರ್ಮಗುರುಗಳನ್ನೂ ಗಂಟೆ ದಾನವಿತ್ತ ಮಹನೀಯರನ್ನೂ ಮೊದಲು ನೆನೆಯುವುದು ಯುಕ್ತವೇ ಆಗಿದೆ. ಆದರೆ ಅದೇ ಅಂಗಳದ ಮೂಲೆಯಲ್ಲಿ, ಮುಳಿಹುಲ್ಲಿನ ಮಾಡಿನ ಕೆಳಗೆ ನಡೆಯುತ್ತಿದ್ದ ಎಲಿಮೆಂಟರಿ ಶಾಲೆಯನ್ನು ಮರೆತರೆ ಆ ಚರಿತ್ರೆ ಅರ್ಧವೇ ಸರಿ. ಅಲ್ಲಿ ಕಲಿತವರಲ್ಲಿ ಉಳಿದಿರುವವರು ಕೆಲವರೇ ಆದುದರಿಂದ, ನನ್ನ ನೆನಪಿಗೆ ಬಂದಷ್ಟನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಒಂದನೆಯ ತರಗತಿಗೆ ಸೇರಿದ್ದು 1953ರ ಜೂನ್ ತಿಂಗಳಲ್ಲಿ. ದಕ್ಷಿಣ ಕನ್ನಡವು ಆಗ ಮದ್ರಾಸು ರಾಜ್ಯಕ್ಕೆ ಸೇರಿತ್ತು. ಜಿಲ್ಲೆಯ ಹೆಸರಿನಲ್ಲಿ ಕನ್ನಡವಿದ್ದರೂ ನಮ್ಮ ತರಗತಿಯ ಒಂದು ಮಗುವಿನ ಮನೆಯಲ್ಲಿಯೂ ಕನ್ನಡವಿರಲಿಲ್ಲ. ನಾವು ಕೊಂಕಣಿಯವರು, ಉಳಿದವರದು ತುಳು. ಉಪಾಧ್ಯಾಯರು 'ಕುಳಿತುಕೊಳ್ಳಿ' ಎಂದರೆ ಮೊದಲ ವಾರ ನಾವು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದೆವು. ಆದರೂ ಆ ಅಕ್ಷರಗಳು ನಮಗೆ ಪರಕೀಯವಾಗಿರಲಿಲ್ಲ. ನಮ್ಮ ಕೊಂಕಣಿ ಪ್ರಾರ್ಥನೆಗಳೂ ದೊತೊರ್ನಿನ ಪುಸ್ತಕವೂ ಅಚ್ಚಾಗುತ್ತಿದ್ದುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಿಂದ ಹೊರಟ 'ರಾಕ್ಣೊ' ಪತ್ರಿಕೆಯೂ ಅದೇ ಲಿಪಿಯಲ್ಲಿ. ಕನ್ನಡ ಅಕ್ಷರ ಬಾರದವನಿಗೆ ಸ್ವಂತ ಮಾತೃಭಾಷೆಯ ಜಪವನ್ನೂ ಓದಲು ಬರುತ್ತಿರಲಿಲ್ಲ. ಇಗರ್ಜಿಯ ಮಗ್ಗುಲಲ್ಲಿ ಶಾಲೆ ಏಕೆ ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾನು ಸೇರಿದ ವರ್ಷವೇ ಶಾಲೆ ಅರ್ಧ ದಿನದ್ದಾಯಿತು. ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರಿಯವರು ಗ್ರಾಮಾಂತರದ ಎಲಿಮೆಂಟರಿ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ತಂದಿದ್ದರು. ಮಕ್ಕಳನ್ನು ಎರಡು ತಂಡ ಮಾಡಿ ಪ್ರತಿ ತಂಡಕ್ಕೆ ದಿನಕ್ಕೆ ಮೂರು ಗಂಟೆಯ ಪಾಠ. ಉಳಿದ ಹೊತ್ತಿನಲ್ಲಿ ಗಂಡುಮಕ್ಕಳು ತಂದೆಯ ಕಸುಬನ್ನೂ ಹೆಣ್ಣುಮಕ್ಕಳು ಮನೆವಾರ್ತೆಯನ್ನೂ ಕಲಿಯತಕ್ಕದ್ದು. ಇದ್ದ ಕಟ್ಟಡ, ಇದ್ದ ಉಪಾಧ್ಯಾಯರಿಂದಲೇ ಹೆಚ್ಚು ಮಕ್ಕಳಿಗೆ ಕಲಿಸಬಹುದೆಂಬ ಎಣಿಕೆ ಅದರ ಹಿಂದಿತ್ತು. ಗೇಣಿಯವನ ಮಗ ಗೇಣಿಯವನೇ ಆಗಿ ಉಳಿಯಬೇಕೇ ಎಂದು ವಿರೋಧಿಗಳು ಕೇಳಿದರು. ನ್ಯಾಯವಾದ ಪ್ರಶ್ನೆಯೆಂದೇ ನಾನು ಇಂದಿಗೂ ಎಣಿಸುತ್ತೇನೆ. ಆದರೆ ನಮ್ಮ ಮನೆಯ ಲೆಕ್ಕ ಬೇರೆಯಾಗಿತ್ತು.

ನನ್ನ ಅಕ್ಕ ಆಗ ಮೂರನೆಯ ತರಗತಿ. ಶಾಲೆಗೆ ಸೇರುವ ಮೊದಲೇ ನನಗೆ ಅಂಗಳದ ಹೊಯಿಗೆಯಲ್ಲಿ ಬೆರಳು ಹಿಡಿದು ಅ, ಆ ತಿದ್ದಿಸಿದವಳು ಅವಳು. ಆ ವರ್ಷ ಮಳೆ ಹಿಡಿಯುವ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಅಪ್ಪ ಅಮ್ಮ ಇಬ್ಬರೂ ಗದ್ದೆಗೆ ಇಳಿದರೆ ತೊಟ್ಟಿಲಿನ ತಮ್ಮನನ್ನು ನೋಡಲು ಯಾರೂ ಇರಲಿಲ್ಲ. ಅಕ್ಕನದು ಬೆಳಗಿನ ತಂಡ, ನನ್ನದು ಮಧ್ಯಾಹ್ನದ್ದು. ಅವಳು ಬರುವವರೆಗೆ ತೊಟ್ಟಿಲು ನಾನು ತೂಗುತ್ತಿದ್ದೆ, ಅನಂತರ ಅವಳು. ಮನೆಯಲ್ಲಿದ್ದ ಸ್ಲೇಟು ಒಂದೇ. ಇಗರ್ಜಿಯ ಮಧ್ಯಾಹ್ನದ ಗಂಟೆ ಕೇಳಿದೊಡನೆ ನಾನು ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಮನೆಯ ಕೆಳಗಿನ ತೋಡಿನ ಸಂಕದ ಬಳಿ ನಿಲ್ಲುತ್ತಿದ್ದೆ. ಅಕ್ಕ ಸಂಕ ದಾಟಿ ಬಂದು ಮಗುವನ್ನು ತೆಗೆದುಕೊಂಡು ಸ್ಲೇಟನ್ನು ನನಗೆ ಕೊಡುತ್ತಿದ್ದಳು, ಮಳೆಯಿದ್ದರೆ ಗೊರಬನ್ನೂ. ಕೊಡುವ ಮೊದಲು ತನ್ನ ಲೆಕ್ಕವನ್ನು ನೀರುಕಡ್ಡಿಯಿಂದ ಒರೆಸಬೇಕಷ್ಟೆ. ಒರೆಸುವ ಮುಂಚೆ ಅದನ್ನೊಮ್ಮೆ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು ಇದ್ದ ಕಾಲ. ಆಣೆ ಕಾಸುಗಳ ಆ ಲೆಕ್ಕಗಳು ನನಗೆ ಅರ್ಥವಾಗದಿದ್ದರೂ ಅವಳ ರಾಗ ಕಿವಿಯಲ್ಲಿ ಉಳಿದಿದೆ. ರಾತ್ರಿ ಅದೇ ಲೆಕ್ಕವನ್ನು ಒಲೆಯ ಮುಂದೆ ಕುಳಿತು ಇದ್ದಿಲಿನಿಂದ ನೆಲದ ಮೇಲೆ ಬಿಡಿಸುತ್ತಿದ್ದಳು. ಅಮ್ಮ ಬೈದುದುಂಟು.

1954ರ ಏಪ್ರಿಲಿನಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದರು; ಮೇ ತಿಂಗಳಲ್ಲಿ ಆ ಯೋಜನೆ ರದ್ದಾಯಿತು. ಜೂನಿನಲ್ಲಿ ಶಾಲೆ ಮತ್ತೆ ಇಡೀ ದಿನದ್ದಾಯಿತು. ರಾಜ್ಯಕ್ಕೆಲ್ಲ ಅದು ಒಳ್ಳೆಯ ಸುದ್ದಿ. ನಮ್ಮ ಮನೆಯಲ್ಲಿ ಮಾತ್ರ, ಇಬ್ಬರೂ ಇಡೀ ದಿನ ಹೋದರೆ ಮಗುವಿಗೆ ಯಾರು ಎಂಬ ಪ್ರಶ್ನೆ ಎದ್ದಿತು. ಹೆಚ್ಚು ಚರ್ಚೆಯೇನೂ ನಡೆಯಲಿಲ್ಲ. ನೇಜಿ ನೆಡುವ ದಿನ, ಕೆಲಸಕ್ಕೆ ಹೊರಟ ಅಮ್ಮ, "ನೀನು ಈ ವರ್ಷ ಮನೆಯಲ್ಲಿರು ಮಗಾ" ಎಂದರು. ಅಕ್ಕ ಉತ್ತರ ಕೊಡಲಿಲ್ಲ. ಸ್ಲೇಟು ಪೂರ್ತಿಯಾಗಿ ನನ್ನದಾಯಿತು. ನಾನು ಸಂತೋಷಪಟ್ಟೆನೆಂಬುದನ್ನು ಮರೆಮಾಚಲಾರೆ. 'ಈ ವರ್ಷ' ಎಂದುದು ಎಲ್ಲ ವರ್ಷಗಳೂ ಆಯಿತು. ಆಕೆಯಂತೆ ಮೂರನೆಯ ತರಗತಿಗೇ ನಿಂತ ಹೆಣ್ಣುಮಕ್ಕಳು ನಮ್ಮ ವಾಳೆಯಲ್ಲಿ ಇನ್ನೂ ಇದ್ದರು. ಇಂದು ಈ ಸಂಚಿಕೆಯನ್ನು ಓದುವವರಲ್ಲಿ ಕೆಲವರಿಗೆ ಅವರು ಅಜ್ಜಿಯಂದಿರು.

ಅಕ್ಕನನ್ನು ನೆರೆಯೂರಿಗೆ ಕೊಟ್ಟರು. ಅಲ್ಲಿಯೂ ಗೇಣಿಯ ಭೂಮಿಯೇ. ಭಾವ ಬೇಗ ತೀರಿಹೋದರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದು, ಉಳುವವರು ಭೂ ನ್ಯಾಯ ಮಂಡಳಿಗೆ ಅರ್ಜಿ ಹಾಕಿಕೊಳ್ಳಬಹುದೆಂದಾದಾಗ, ನಾನು ಆಕೆಯ ಜೊತೆ ಕಚೇರಿಗೆ ಹೋಗಿದ್ದೆ. ಅಷ್ಟರಲ್ಲಿ ನಾನೂ ಒಬ್ಬ ಉಪಾಧ್ಯಾಯನಾಗಿದ್ದೆ. ಏಳನೆಯ ನಮೂನೆಯ ಅರ್ಜಿಯನ್ನು ನಾನೇ ತುಂಬಿದೆ. ಗುಮಾಸ್ತರು ತಲೆಯೆತ್ತದೆ ಹೆಬ್ಬೆಟ್ಟಿನ ಶಾಯಿಯ ಡಬ್ಬವನ್ನು ಮುಂದಕ್ಕೆ ಸರಿಸಿದರು. ಅಕ್ಕ ಅದನ್ನು ಮೆಲ್ಲನೆ ಬದಿಗಿಟ್ಟು, ನನ್ನ ಕಿಸೆಯಿಂದ ಪೆನ್ನು ಕೇಳಿ ತೆಗೆದುಕೊಂಡಳು. ಒಂದೊಂದೇ ಅಕ್ಷರವನ್ನು ದುಂಡಗೆ, ಸ್ಲೇಟಿನ ಮೇಲೆ ಬರೆಯುವಂತೆ ಒತ್ತಿ ಬರೆದಳು. ಬರೆದು ಮುಗಿಸಿ ಕಾಗದವನ್ನು ನನ್ನ ಕಡೆಗೆ ತಿರುಗಿಸಿ, "ದೀರ್ಘ ಸರಿಯಿದೆಯೇನೋ, ನೋಡು" ಎಂದಳು.

ದೀರ್ಘ ಸರಿಯಾಗಿತ್ತು.