ಮೊದಲು ಪರೀಕ್ಷೆ, ಆಮೇಲೆ ಮದ್ದು: ಸ್ಕಂದಗಿರಿ ಸೀಮೆಯಲ್ಲಿ ಮೂಲವ್ಯಾಧಿ, ಆಹಾರ ಮತ್ತು ಸುಶ್ರುತನ ಕ್ರಮ

1. ಪೀಠಿಕೆ

ಗುದದ್ವಾರದಲ್ಲಿ ಏನೇ ತೊಂದರೆ ಕಾಣಿಸಿಕೊಂಡರೂ ನಮ್ಮ ಕಡೆ ಅದಕ್ಕೆ ‘ಪೈಲ್ಸ್’ ಎಂಬ ಒಂದೇ ಹೆಸರು. ನಾಚಿಕೆಯಿಂದ ರೋಗಿ ವೈದ್ಯರಿಗೆ ತೋರಿಸುವುದಿಲ್ಲ; ‘ಆಪರೇಷನ್ ಇಲ್ಲದೆ ಗುಣ’ ಎಂಬ ಗೋಡೆಬರಹ ನಂಬಿ ಹೋದಲ್ಲಿ ನೋಡುವವರೂ ಇರುವುದಿಲ್ಲ. ಸ್ಕಂದಗಿರಿ ಬೆಟ್ಟವಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಆಹಾರ ಮತ್ತು ದುಡಿಮೆಯನ್ನು ಮುಂದಿಟ್ಟುಕೊಂಡು ಈ ಲೇಖನ ಎರಡು ವಿಚಾರಗಳನ್ನು ಪರಿಶೀಲಿಸುತ್ತದೆ. ಮೊದಲನೆಯದು, ಮೂಲವ್ಯಾಧಿಯನ್ನು ತಡೆಯುವ ಹೆಚ್ಚಿನ ಸಾಮಗ್ರಿ ಈ ಸೀಮೆಯ ಅಡುಗೆಮನೆಯಲ್ಲೇ ಇದೆ ಎಂಬುದು. ಎರಡನೆಯದು, ಚಿಕಿತ್ಸೆಯ ಕ್ರಮದಲ್ಲಿ ಆಯುರ್ವೇದಕ್ಕೂ ಆಧುನಿಕ ಶಸ್ತ್ರವೈದ್ಯಕ್ಕೂ ಜನ ಭಾವಿಸುವಷ್ಟು ವಿರೋಧವಿಲ್ಲ ಎಂಬುದು.

2. ರೋಗದ ಸ್ವರೂಪ

ಗುದನಾಳದ ಒಳಪೊರೆಯಡಿ ರಕ್ತನಾಳ, ಸ್ನಾಯು ಮತ್ತು ತಂತುಗಳು ಸೇರಿದ ಮೆತ್ತೆಗಳು ಎಲ್ಲರಲ್ಲೂ ಇರುತ್ತವೆ. ಮಲ, ವಾಯು ಸೋರದಂತೆ ತಡೆಯಲು ಅವು ನೆರವಾಗುತ್ತವೆ. ಆಸರೆಯ ತಂತು ಸಡಿಲಗೊಂಡು ಈ ಮೆತ್ತೆಗಳು ಕೆಳಜಾರಿ ಮೊಳೆಗಳಾದಾಗ ಮೂಲವ್ಯಾಧಿ ಉಂಟಾಗುತ್ತದೆ ಎಂದು 1975ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಥಾಮ್ಸನ್ ವಿವರಿಸಿದರು. ಒಳಮೂಲವ್ಯಾಧಿಯಲ್ಲಿ ನಾಲ್ಕು ಹಂತಗಳಿವೆ: ಬರೀ ರಕ್ತ ಬೀಳುವುದು, ಹೊರಬಂದು ತಾನೇ ಒಳಹೋಗುವುದು, ಕೈಯಿಂದ ಒಳತಳ್ಳಬೇಕಾಗುವುದು, ಹೊರಗೇ ಉಳಿಯುವುದು. ಒಳಮೊಳೆಗಳಿರುವ ಭಾಗಕ್ಕೆ ಚುರುಕಾದ ನೋವಿನ ಅರಿವಿಲ್ಲ. ಆದ್ದರಿಂದ ಮಲ ಹೋಗುವಾಗ ಕೊಯ್ದಂತೆ ಉರಿದರೆ ಅದು ಬಹುಮಟ್ಟಿಗೆ ಫಿಷರ್, ಅಂದರೆ ಬಿರುಕು. ಎರಡಕ್ಕೂ ಚಿಕಿತ್ಸೆ ಬೇರೆ.

3. ಊಟ, ದುಡಿಮೆ ಮತ್ತು ತಡೆ

ಮುಕ್ಕಿರಿಯುವುದು, ಗಟ್ಟಿ ಮಲ, ಬಸಿರು ಇವು ಮುಖ್ಯ ಪ್ರೇರಕಗಳು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆಯ ಜಾಗಕ್ಕೆ ಅನ್ನ ಬಂದ ಮನೆಯಲ್ಲಿ ಆ ನಾರನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕಾಗುತ್ತದೆ. ಬಸ್ಸಾರು ಮಾಡಿದ ದಿನ ಸಾರಿನಷ್ಟೇ ಪಲ್ಯವನ್ನೂ ಉಣ್ಣಬೇಕು. ನಾರೆಲ್ಲ ಉಳಿಯುವುದು ಬಸಿದ ಸೊಪ್ಪು, ಕಾಳುಗಳಲ್ಲಿ. ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಎಷ್ಟೇ ರುಚಿಯಾದರೂ ನಾರಿನ ದೊಡ್ಡ ಪಾಲು ಹಿತುಕಿ ಎಸೆದ ಸಿಪ್ಪೆಯೊಂದಿಗೇ ಹೋಗುತ್ತದೆ. ನಾರಿನ ಜೊತೆಗೆ ಸಾಕಷ್ಟು ನೀರೂ ಬೇಕು, ಇಲ್ಲದಿದ್ದರೆ ಮಲ ಇನ್ನೂ ಗಟ್ಟಿಯಾಗಬಹುದು. ಏಳು ಪ್ರಯೋಗಗಳ 378 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ 2005ರ ಕಾಕ್ರೇನ್ ವಿಮರ್ಶೆಯಲ್ಲಿ ನಾರು ರಕ್ತಸ್ರಾವದ ಸಂಭವವನ್ನು ಸುಮಾರು ಅರ್ಧಕ್ಕಿಳಿಸಿತ್ತು.

ಶಿಡ್ಲಘಟ್ಟ ಕಡೆ ರೇಷ್ಮೆಹುಳು ಕೊನೆಯ ಜ್ವರ (ಪೊರೆ ಕಳಚುವ ಹಂತ) ಮುಗಿಸಿ ಎದ್ದ ಮೇಲೆ ಮನೆಯವರಿಗೆ ಹೊತ್ತಿಗೆ ಸರಿಯಾದ ಊಟ, ನಿದ್ದೆ ಇರುವುದಿಲ್ಲ. ಸೊಪ್ಪು ಹಾಕುವ ಕೆಲಸದ ನಡುವೆ ಶೌಚದ ಒತ್ತಡ ಬಂದರೂ ತಡೆದುಕೊಳ್ಳುತ್ತಾರೆ; ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಶೌಚಾಲಯವಿಲ್ಲದ ಮನೆಯ ಹೆಂಗಸರಿಗೆ ಕತ್ತಲಾಗುವವರೆಗೆ ತಡೆಯುವುದೇ ಅಭ್ಯಾಸವಾಗಿರುತ್ತದೆ. ಚರಕಸಂಹಿತೆ ತಡೆಯಬಾರದೆಂದು ಹೇಳುವ ಹದಿಮೂರು ವೇಗಗಳಲ್ಲಿ (ದೇಹದ ಸಹಜ ಒತ್ತಡಗಳಲ್ಲಿ) ಮಲವೇಗವೂ ಒಂದು.

4. ಸುಶ್ರುತನ ಕ್ರಮ

ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಅರ್ಶಸ್ಸನ್ನು, ಅಂದರೆ ಮೂಲವ್ಯಾಧಿಯನ್ನು, ಎಂಟು ಮಹಾರೋಗಗಳಲ್ಲಿ ಎಣಿಸುತ್ತಾನೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಆರನೆಯ ಅಧ್ಯಾಯದಲ್ಲಿ ಅವನು ಹೇಳುವ ಉಪಾಯ ನಾಲ್ಕು: ಭೇಷಜ (ಔಷಧ), ಕ್ಷಾರ, ಅಗ್ನಿ (ಸುಡುವುದು), ಶಸ್ತ್ರ (ಕೊಯ್ಯುವುದು). ಹೊಸದಾದ, ದೋಷ ಕಡಿಮೆಯಿರುವ ರೋಗಕ್ಕೆ ಔಷಧ ಸಾಕು. ಮೃದುವಾಗಿ ಹರಡಿದ ಮೊಳೆಗೆ ಕ್ಷಾರ. ಒರಟಾದ, ಗಟ್ಟಿ ಮೊಳೆಗೆ ಅಗ್ನಿ. ತೆಳುಬುಡದ, ಎದ್ದುನಿಂತ ಮೊಳೆಗೆ ಶಸ್ತ್ರ. ಮೊಳೆಯ ಲಕ್ಷಣ ತಿಳಿಯದೆ ಇವುಗಳಲ್ಲಿ ಒಂದನ್ನೂ ಆಯ್ದುಕೊಳ್ಳಲಾಗದು. ಅದಕ್ಕೆಂದೇ ಹಸುವಿನ ಮೊಲೆಯ ಆಕಾರದ, ನಾಲ್ಕು ಅಂಗುಲ ಉದ್ದದ ಯಂತ್ರವನ್ನು ಅವನು ವರ್ಣಿಸುತ್ತಾನೆ. ಅದರಲ್ಲಿ ಎರಡು ರಂಧ್ರಗಳದ್ದು ನೋಡಲಿಕ್ಕೆ, ಒಂದು ರಂಧ್ರದ್ದು ಚಿಕಿತ್ಸೆಗೆ. ಕ್ಷಾರ ಹಚ್ಚಿ ನೂರು ಎಣಿಸುವಷ್ಟು ಹೊತ್ತು ಬಿಡಬೇಕು. ಮೊಳೆ ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದಾಗ ಹುಳಿದ್ರವದಿಂದ ತೊಳೆಯಬೇಕು. ಕ್ಷಾರದ ಸುಡುವಿಕೆಯನ್ನು ಆಮ್ಲ ನಿಲ್ಲಿಸುತ್ತದೆ. ಮೊಳೆಗಳು ಹಲವಿದ್ದರೆ ಒಂದೊಂದಾಗಿ, ಏಳೇಳು ದಿನಗಳ ಅಂತರದಲ್ಲಿ ಚಿಕಿತ್ಸೆ. ಚರಕನಾದರೋ ಪಥ್ಯಕ್ಕೆ ಒತ್ತುಕೊಟ್ಟು ಮಜ್ಜಿಗೆಯನ್ನು ಬಹಳವಾಗಿ ಹೊಗಳುತ್ತಾನೆ.

ಇಂದಿನ ಆಸ್ಪತ್ರೆಯ ದಾರಿಯೂ ಹೀಗೆಯೇ ಹಂತ ಹಂತವಾದದ್ದು. ಮೊದಲೆರಡು ಹಂತಗಳಲ್ಲಿ ಆಹಾರ ಬದಲಾವಣೆ, ಮಲ ಸಡಿಲಿಸುವ ಔಷಧ, ಬೆಚ್ಚಗಿನ ನೀರಿನಲ್ಲಿ ಕೂರುವುದು. ಅದರಿಂದ ಆಗದಿದ್ದರೆ 1963ರಲ್ಲಿ ಬ್ಯಾರನ್ ಬಳಕೆಗೆ ತಂದ ರಬ್ಬರ್ ಬ್ಯಾಂಡ್ ಕಟ್ಟುವಿಕೆ. ಮೂರನೆಯ ಹಂತದ ಹಲವರಿಗೂ ಬ್ಯಾಂಡ್ ಸಾಕಾಗಬಹುದು. ದೊಡ್ಡ, ಹೊರಗುಳಿದ ಮೊಳೆಗೆ ಶಸ್ತ್ರಚಿಕಿತ್ಸೆ. 1937ರ ಮಿಲ್ಲಿಗನ್–ಮಾರ್ಗನ್ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕ್ಷಾರಸೂತ್ರದ, ಅಂದರೆ ಕ್ಷಾರ ಲೇಪಿಸಿದ ದಾರದ, ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅದರ ಪರ ಇರುವ ಬಲವಾದ ಸಾಕ್ಷ್ಯ ಭಗಂದರಕ್ಕೆ (ಫಿಸ್ಟುಲಾಕ್ಕೆ) ಸಂಬಂಧಿಸಿದ್ದು; ಅದನ್ನು ಹಾಗೆಯೇ ಮೂಲವ್ಯಾಧಿಗೆ ಅನ್ವಯಿಸಲಾಗದು. ಪಳಗದ ಕೈಯಲ್ಲಿ ಕ್ಷಾರ ಹಚ್ಚಿದರೆ ಗುದಮಾರ್ಗ ಸುಟ್ಟು ಕಿರಿದಾಗುವ ಅಪಾಯವಿದೆ.

5. ಸಮಾರೋಪ

ಎರಡು ಪದ್ಧತಿಗಳಲ್ಲೂ ಪರೀಕ್ಷೆ ಮೊದಲು, ಪಥ್ಯ ಅದರ ಬೆನ್ನಿಗೆ, ಶಸ್ತ್ರ ಕೊನೆಗೆ. ನೋಡದೆ ಮದ್ದು ಕೊಡುವವನು ಆಯುರ್ವೇದದ ಹೆಸರು ಹೇಳಿದರೂ ಸುಶ್ರುತನ ಕ್ರಮವನ್ನು ಮೀರಿದವನೇ. ಮಲದಲ್ಲಿ ಬೀಳುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ; ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ರಕ್ತ ಪದೇ ಪದೇ ಬಿದ್ದರೆ, ಕಪ್ಪು ಮಲವಾದರೆ, ತೂಕ ಇಳಿದರೆ, ರಕ್ತಹೀನತೆ ಇದ್ದರೆ, ನಲವತ್ತು ದಾಟಿದ ಮೇಲೆ ಶೌಚದ ರೂಢಿ ಬದಲಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಲ್ಲಿಗೇ ಹೋದರೂ ಆ ಚಿಕಿತ್ಸಾಲಯ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಾಯಿತವೇ ಎಂದು ಕೇಳುವ ಹಕ್ಕು ರೋಗಿಗಿದೆ. ಅಲೋಪತಿಯಾಗಲಿ ಆಯುರ್ವೇದವಾಗಲಿ, ಆ ಪ್ರಶ್ನೆಯನ್ನು ನಾಚದೆ ಕೇಳಬೇಕು.