ಸಿನಗಾಗಿನ ಹಿರಿಯರು ಮತ್ತು ಅವರ ಆಸನಗಳು

ಸಭೆಯಲ್ಲಿ ಮುಂದಿನ ಆಸನವು ಗೌರವದ ಗುರುತೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಆಸನವು ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂದು ಯೋಚಿಸುವವರು ವಿರಳ. ಯಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಪ್ರಾಚೀನ ವ್ಯವಸ್ಥೆಯು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಜೆರುಸಲೇಮಿನ ಮಹಾದೇವಾಲಯವನ್ನು ರೋಮನರು ಕ್ರಿ.ಶ. 70ರಲ್ಲಿ ನಾಶಗೊಳಿಸಿದರು. ಅದಕ್ಕೆ ಹಿಂದಿನದೆಂದು ಬಹುತೇಕ ವಿದ್ವಾಂಸರು ಎಣಿಸುವ ಗ್ರೀಕ್ ಶಾಸನವೊಂದು ಆ ನಗರದಲ್ಲಿ ದೊರೆತಿದೆ. ಥಿಯೊಡೋಟಸ್ ಎಂಬ ಸಭಾಧ್ಯಕ್ಷನು ಧರ್ಮಶಾಸ್ತ್ರದ ಪಠನಕ್ಕೂ ಬೋಧನೆಗೂ ಸಿನಗಾಗನ್ನು ಕಟ್ಟಿಸಿ, ಪರಸ್ಥಳದಿಂದ ಬಂದವರಿಗೆ ವಸತಿಯನ್ನೂ ನೀರಿನ ಅನುಕೂಲವನ್ನೂ ಕಲ್ಪಿಸಿದನೆಂದು ಅದು ತಿಳಿಸುತ್ತದೆ. ಅವನ ತಂದೆ, ತಾತ ಇಬ್ಬರೂ ಅದೇ ಪದವಿಯಲ್ಲಿದ್ದವರು.

ಸಭಾಧ್ಯಕ್ಷನಲ್ಲದೆ ಹಿರಿಯರೂ, ‘ಹಜ್ಜಾನ್’ ಎಂಬ ಸೇವಾಧಿಕಾರಿಯೂ ಇರುತ್ತಿದ್ದರು. ಧರ್ಮಗ್ರಂಥದ ಸುರುಳಿಯನ್ನು ತೆಗೆದು ಸಭಾಧ್ಯಕ್ಷನ ಕೈಗೆ ಒಪ್ಪಿಸುವುದು ಹಜ್ಜಾನನ ಕರ್ತವ್ಯಗಳಲ್ಲೊಂದು. ಹಜ್ಜಾನನೂ ಜನರೂ ಪವಿತ್ರ ದಿಕ್ಕಿಗೆ ಅಭಿಮುಖರಾಗಿರಬೇಕು. ಹಿರಿಯರು ಮಾತ್ರ ಆ ದಿಕ್ಕಿಗೆ ಬೆನ್ನು ಮಾಡಿ ಜನರ ಕಡೆಗೆ ಮುಖವಿಟ್ಟು ಕುಳಿತುಕೊಳ್ಳಬೇಕೆಂದು ‘ತೊಸೆಫ್ತಾ’ ಎಂಬ ಪ್ರಾಚೀನ ಗ್ರಂಥವು ವಿಧಿಸುತ್ತದೆ. ಹೀಗಾಗಿ ಹಿರಿಯರು ಜನರನ್ನು ಕಾಣುವಂತೆ ಜನರೂ ಹಿರಿಯರನ್ನು ಕಾಣುತ್ತಿದ್ದರು.

ಅದೇ ಗ್ರಂಥವು ಅಲೆಕ್ಸಾಂಡ್ರಿಯಾದ ಮಹಾ ಸಿನಗಾಗನ್ನು ವರ್ಣಿಸಿದೆ. ಅಲ್ಲಿ ಹಿರಿಯರಿಗಾಗಿ 71 ಸುವರ್ಣಾಸನಗಳಿದ್ದವಂತೆ. ಮಂದಿರವು ಬಹು ವಿಶಾಲವಾಗಿದ್ದುದರಿಂದ, ನಡುವಣ ವೇದಿಕೆಯಿಂದ ಹಜ್ಜಾನನು ಬಟ್ಟೆಯನ್ನು ಬೀಸಿದಾಗ ಜನರು ‘ಆಮೆನ್’ ಎನ್ನುತ್ತಿದ್ದರಂತೆ. ಅಕ್ಕಸಾಲಿಗರು, ಕಮ್ಮಾರರು, ನೇಕಾರರು ಕಸುಬಿಗನುಗುಣವಾಗಿ ಬೇರೆಬೇರೆಯಾಗಿ ಕುಳಿತುಕೊಳ್ಳುತ್ತಿದ್ದರು. ಇದರ ಪ್ರಯೋಜನವೇನೆಂದರೆ, ಊರಿಗೆ ಹೊಸದಾಗಿ ಬಂದ ಬಡವನು ತನ್ನ ಕಸುಬಿನವರನ್ನು ಸೇರಿ ಜೀವನೋಪಾಯವನ್ನು ಕಂಡುಕೊಳ್ಳುತ್ತಿದ್ದನು.

ದಾನನಿಧಿಯನ್ನು ನೋಡಿಕೊಳ್ಳುವವರಿಗೆ ನಿಯಮಗಳು ಇನ್ನೂ ಕಟ್ಟುನಿಟ್ಟಾಗಿದ್ದವು. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ‘ಮಿಶ್ನಾ’ದ ಪ್ರಕಾರ ನಿಧಿಯನ್ನು ಇಬ್ಬರು ಸಂಗ್ರಹಿಸಬೇಕು, ಮೂವರು ಹಂಚಬೇಕು. ದಾನದ ಚಿಲ್ಲರೆ ನಾಣ್ಯಗಳನ್ನು ಬದಲಾಯಿಸುವಾಗ ಅನ್ಯರೊಡನೆ ಬದಲಾಯಿಸಬೇಕೇ ಹೊರತು ಸ್ವಂತ ಹಣದೊಡನೆ ಅಲ್ಲ; ಬಡವರಿಗೆ ಹಂಚಿ ಉಳಿದ ಆಹಾರವನ್ನೂ ತಾವೇ ಕೊಳ್ಳದೆ ಅನ್ಯರಿಗೆ ಮಾರಬೇಕೆಂದು ‘ತಾಲ್ಮುದ್’ ವಿಧಿಸುತ್ತದೆ. ತಕ್ಕ ಬೆಲೆಯನ್ನೇ ಕೊಟ್ಟರೂ ಸಂಶಯಕ್ಕೆ ಎಡೆಯಾದೀತು ಎಂಬುದೇ ಇದರ ಕಾರಣ.

ವ್ಯಾಪಾರದ ಲೆಕ್ಕಪತ್ರ ಬಲ್ಲವರಿಗೆ ಈ ನಿಯಮಗಳ ಬೆಲೆ ತಾನಾಗಿಯೇ ತಿಳಿಯುತ್ತದೆ. ಪ್ರಾಮಾಣಿಕನಾಗಿದ್ದರೆ ಸಾಲದು, ಆ ಪ್ರಾಮಾಣಿಕತೆಯು ಹತ್ತು ಮಂದಿಯ ಕಣ್ಣಿಗೆ ಕಾಣಬೇಕು. ಹಿರಿಯರ ಆಸನವನ್ನು ಜನರತ್ತ ತಿರುಗಿಸಿಟ್ಟ ಕ್ರಮದಲ್ಲಿಯೂ ಇದೇ ನೀತಿ ಅಡಗಿದೆಯೆನ್ನಬಹುದು.